ಇಂದಿನ ಧಮ್ಮ ಚಿಂತನೆ: ತಟ್ಟೆಯ ಮುಂದೆ ಎರಡು ಪ್ರಶ್ನೆ



ಕೋಸಲದ ರಾಜ ಪಸೇನದಿಗೆ ಊಟದ ಮೇಲೆ ಹಿಡಿತವಿರಲಿಲ್ಲ. ಒಂದು ದಿನ ಹೊಟ್ಟೆ ಬಿರಿಯೆ ಉಂಡು, ಏದುಸಿರು ಬಿಡುತ್ತಾ ಬುದ್ಧರ ಬಳಿ ಬಂದು ಕುಳಿತ. ಬುದ್ಧರು ಗದರಿಸಲಿಲ್ಲ, ಉಪವಾಸ ಮಾಡೆಂದೂ ಹೇಳಲಿಲ್ಲ. ಊಟದ ಮಿತಿಯ ಬಗ್ಗೆ ಒಂದು ಗಾಥೆ ಹೇಳಿದರು. ಅದನ್ನು ಕಲಿತು ತಾನು ಉಣ್ಣುವಾಗಲೆಲ್ಲ ಹೇಳಬೇಕೆಂದು ರಾಜ ಸುದಸ್ಸನನೆಂಬ ಯುವಕನನ್ನು ನೇಮಿಸಿದ. ದಿನಕ್ಕೆ ನೂರು ಕಹಾಪಣ ಸಂಬಳ. ಕ್ರಮೇಣ ಅನ್ನದ ಅಳತೆ ಇಳಿಯಿತು, ಮೈ ಹಗುರಾಯಿತು. ಈ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ.

ಹಾಗಾಗಿ ಮೊದಲ ಪ್ರಶ್ನೆ: *ಎಷ್ಟು ಉಣ್ಣುತ್ತಿದ್ದೇನೆ?*
ಉಪ್ಪನ್ನೇ ನೋಡಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಎಲ್ಲ ಸೇರಿ ಒಂದು ಟೀ ಚಮಚವೂ ಇಲ್ಲ! ನೆನಪಿಸಲು ನಮಗೆ ಸುದಸ್ಸನ ಬೇಕಿಲ್ಲ, ಮನೆಯ ಮಕ್ಕಳು ಸಾಕು.

ಎರಡನೆಯದು: *ಯಾವ ಮನಸ್ಸಿನಿಂದ ಉಣ್ಣುತ್ತಿದ್ದೇನೆ?*
1950ರ ದಶಕದಲ್ಲಿ ಅಮೆರಿಕದ ಹೃದಯ ವೈದ್ಯರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್, ಸದಾ ಅವಸರ, ಪೈಪೋಟಿ, ಸಿಡುಕು ಇರುವವರ ಸ್ವಭಾವವನ್ನು 'ಟೈಪ್ ಎ' ಎಂದು ಕರೆದು, ಅಂಥವರಲ್ಲಿ ಹೃದಯರೋಗ ಹೆಚ್ಚೆಂದರು. ಮುಂದಿನ ಅಧ್ಯಯನಗಳು ಅವಸರಕ್ಕಿಂತ ಹೆಚ್ಚಾಗಿ ಹಗೆ ಮತ್ತು ಸಿಟ್ಟಿನತ್ತ ಬೆರಳು ತೋರಿಸಿದವು.

ಹೋದ ವರ್ಷ ನನ್ನ ಬಿಪಿ 160/100 ಬಂತು. ಡಾಕ್ಟರು ಊಟದ ಬಗ್ಗೆ ಕೇಳಿದರು. ನನಗೆ ನೆನಪಾದದ್ದು ಬೇರೆಯೇ. ಜಾತಿ ಎತ್ತಿ ಒಬ್ಬರು ಆಡಿದ ಕುಹಕವನ್ನು ಎರಡು ವರ್ಷದಿಂದ ತುತ್ತು ತುತ್ತಿಗೂ ಜಗಿಯುತ್ತಿದ್ದೆ. ಆಡಿದವರು ಎಂದೋ ಮರೆತಿದ್ದರು.

ಹಾಗಾದರೆ ಅವಮಾನ ನುಂಗಿ ಸುಮ್ಮನಿರಬೇಕೇ? ಖಂಡಿತ ಇಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರೊಂದಿಗೆ ನಡೆದರು. ಎದೆಯ ಬೇಗೆಗೆ ಅವರು ಕೆಲಸ ಕೊಟ್ಟರು. ನಾವೂ ದೂರು ಬರೆಯೋಣ, ಸಂಘ ಕಟ್ಟೋಣ, ಮಕ್ಕಳಿಗೆ ಓದಿಸೋಣ. ಆದರೆ ಹಗೆಯನ್ನು ತಟ್ಟೆಗೆ ಬಡಿಸಿಕೊಳ್ಳುವುದು ಬೇಡ.

ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ಬಾಬಾಸಾಹೇಬರನ್ನು ದೀಕ್ಷೆಯಾದ ಎರಡು ತಿಂಗಳೊಳಗೇ ಕಳೆದುಕೊಂಡೆವು. ನಮ್ಮ ದೇಹ ನಮ್ಮದಷ್ಟೇ ಅಲ್ಲ, ಚಳವಳಿಯದ್ದೂ ಹೌದು.

*ಇಂದಿನ ಅಭ್ಯಾಸ:* ಮೊದಲ ತುತ್ತಿಗೆ ಮುನ್ನ ಮೂರು ಉಸಿರನ್ನು ಗಮನಿಸಿ. ಮೊಬೈಲ್ ದೂರವಿಡಿ. ಇನ್ನೆರಡು ತುತ್ತಿಗೆ ಜಾಗವಿರುವಾಗಲೇ ಏಳಿ. ಬಿಪಿ ಮಾತ್ರೆ ಮಾತ್ರ ಬಿಡಬೇಡಿ. ಧ್ಯಾನ ಅದಕ್ಕೆ ಬದಲಿಯಲ್ಲ.

ಭವತು ಸಬ್ಬ ಮಂಗಲಂ 🙏