ನಾಯಿಯ ಕಾಲು ಒಮ್ಮೆಲೇ ಬಾತುಕೊಂಡರೆ



ನಮ್ಮ ಅಕ್ಕಲಕೋಟ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳಲ್ಲಿ ನಾಯಿಯಿಲ್ಲದ ತೋಟದ ವಸ್ತಿ ಸಿಗುವುದು ಅಪರೂಪ. ಜೋಳದ ಹೊಲ ಕಾಯುವುದಕ್ಕೆ, ಕುರಿ ಹಿಂಡಿನ ಜೊತೆಗೆ ಹೋಗುವುದಕ್ಕೆ, ಕಡೆಗೆ ಅಂಗಳದಲ್ಲಿ ಸುಮ್ಮನೆ ಮಲಗುವುದಕ್ಕಾದರೂ ಒಂದು ನಾಯಿ ಬೇಕು. ಇಂಥ ನಾಯಿ ರಾತ್ರಿ ಚೆನ್ನಾಗಿಯೇ ಇದ್ದು, ಬೆಳಗಾಗುವುದರೊಳಗೆ ಒಂದು ಕಾಲನ್ನು ಎತ್ತಿ ಹಿಡಿದು ಕುಂಟುತ್ತ ಬರುತ್ತದೆ. ನೋಡಿದರೆ ಕಾಲು ಬಾತಿರುತ್ತದೆ. ಮುಳ್ಳು ಚುಚ್ಚಿರಬೇಕು ಎಂದು ಒಬ್ಬರು, ಯಾರೋ ಕಲ್ಲು ಬೀಸಿರಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಅಷ್ಟರಲ್ಲಿ ಅಜ್ಜಿ ಸುಣ್ಣ, ಅರಿಷಿಣ ಕಲಸಲು ತೊಡಗಿರುತ್ತಾಳೆ.

ಬಹಳ ಸಲ ಅದು ಮುಳ್ಳೇ ಆಗಿರುತ್ತದೆ, ನಿಜ. ಆದರೆ ಮಂಡಲದ ಹಾವು ಕಚ್ಚಿದಾಗಲೂ ಕಾಲು ಬಾಯುತ್ತದೆ. ಮುಳ್ಳಾದರೆ ನಾಳೆಯವರೆಗೆ ಕಾಯಬಹುದು. ಹಾವಾದರೆ ಮಧ್ಯಾಹ್ನದವರೆಗೂ ಕಾಯುವಂತಿಲ್ಲ. ನಾಯಿ ಮೂಕಪ್ರಾಣಿ, ಏನಾಯಿತೆಂದು ಹೇಳಲಾರದು. ಆದುದರಿಂದ ಆ ಬಾತ ಕಾಲನ್ನೇ ಓದಿ ಇವೆರಡರ ಭೇದವನ್ನು ತಿಳಿಯಬೇಕಾಗುತ್ತದೆ. ಹೇಗೆ ಓದಬೇಕೆಂಬುದೇ ಈ ಪಾಠದ ವಿಷಯ.

ಮೊದಲು ಬಾವು ಎಂದರೇನೆಂದು ನೋಡೋಣ. ಬಾವು ಒಂದು ರೋಗವಲ್ಲ, ರೋಗದ ಗುರುತು. ನಮ್ಮ ದೇಹದಂತೆಯೇ ನಾಯಿಯ ದೇಹದಲ್ಲಿಯೂ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಅವುಗಳ ಗೋಡೆಯಿಂದ ಸ್ವಲ್ಪ ನೀರು ಸದಾ ಹೊರಗೆ ಜಿನುಗುತ್ತಿರುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ನೀರನ್ನು ಒಳಗೆ ಹಿಡಿದಿಡುತ್ತದೆ. ಅದನ್ನು ಮೀರಿ ಹೊರಬಿದ್ದ ನೀರನ್ನು ದುಗ್ಧನಾಳಗಳು ಮರಳಿ ರಕ್ತಕ್ಕೆ ಸೇರಿಸುತ್ತವೆ. ಈ ಲೆಕ್ಕವನ್ನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ವಿಜ್ಞಾನಿಯು ೧೮೯೬ರಲ್ಲಿ ಬಿಡಿಸಿ ತೋರಿಸಿದನು. ನಾಳದ ಗೋಡೆ ಹಾಳಾದರೆ, ಮರಳುವ ದಾರಿಗೆ ತಡೆ ಬಂದರೆ, ಆಲ್ಬುಮಿನ್ ಕಡಿಮೆಯಾದರೆ, ಇಲ್ಲವೆ ಹೃದಯ ಸೋತು ರಕ್ತ ಹಿಂದೆ ನಿಂತರೆ ನೀರು ಮಾಂಸ-ಚರ್ಮಗಳ ನಡುವೆ ಉಳಿದುಬಿಡುತ್ತದೆ. ಇದಲ್ಲದೆ ಪೆಟ್ಟಿನಿಂದ ಒಳಗೇ ರಕ್ತ ಸೋರಿದರೂ, ಕೀವು ತುಂಬಿದರೂ, ಗಂಟು ಬೆಳೆದರೂ ಕಾಲು ದಪ್ಪವಾಗುತ್ತದೆ.

ಇನ್ನು ನಾಯಿಯ ಹತ್ತಿರ ಹೋಗೋಣ. ಆದರೆ ಒಂದು ಎಚ್ಚರಿಕೆ. ನೋವಿನಲ್ಲಿರುವ ನಾಯಿ ತನ್ನ ಮನೆಯವರನ್ನೂ ಕಚ್ಚೀತು. ಚಿಕ್ಕ ಮಕ್ಕಳು ದೂರ ನಿಲ್ಲಬೇಕು, ಹಿರಿಯರೊಬ್ಬರು ಮೆತ್ತನೆಯ ಬಟ್ಟೆಯಿಂದ ಅದರ ಮೂತಿಯನ್ನು ಕಟ್ಟಬೇಕು. ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಿಗೆ ಕಷ್ಟಪಡುತ್ತಿದ್ದರೆ ಮೂತಿ ಕಟ್ಟಕೂಡದು. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅದೇ ದಿನ ದವಾಖಾನೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆಯ ಬಗ್ಗೆ ಕೇಳತಕ್ಕದ್ದು. ಸಾಕಿದ ನಾಯಿ ಎಂಬ ಸಬೂಬು ಇಲ್ಲಿ ನಡೆಯದು.

ಮೊದಲನೆಯ ಪ್ರಶ್ನೆ: ಬಾತಿರುವುದು ಒಂದು ಕಾಲೋ, ಹೆಚ್ಚು ಕಾಲುಗಳೋ? ಒಂದೇ ಕಾಲಾದರೆ ಕಾರಣವು ಸಾಮಾನ್ಯವಾಗಿ ಆ ಕಾಲಿನಲ್ಲಿಯೇ ಇರುತ್ತದೆ. ಎರಡು ಅಥವಾ ನಾಲ್ಕೂ ಕಾಲುಗಳು ಬಾತಿದ್ದರೆ ಮೂತ್ರಪಿಂಡ, ಯಕೃತ್ತು, ಕರುಳು, ಹೃದಯ ಇವುಗಳ ಕಡೆಗೆ ಗಮನ ಹೋಗಬೇಕು. ಉಣ್ಣಿಗಳಿಂದ ಹರಡುವ ಜ್ವರದಲ್ಲಿಯೂ ಕಾಲು, ಕೀಲುಗಳು ಬಾಯುವುದುಂಟು. ಆಗ ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ ಉಣ್ಣಿಗಳನ್ನು ಹುಡುಕಿ ನೋಡಬೇಕು. ಹೃದಯ ದುರ್ಬಲವಾದ ಮನುಷ್ಯನಿಗೆ ಪಾದಗಳು ಬಾಯುವುದನ್ನು ನೀವು ಕಂಡಿರಬಹುದು. ನಾಯಿಗಾದರೋ ಹೆಚ್ಚಾಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಬಾಯುವುದು ಕಡಿಮೆ.

ಎರಡನೆಯದು: ಬಾವು ಎಲ್ಲಿಂದ ಎಲ್ಲಿಯವರೆಗೆ ಇದೆ? ಮೇಲ್ಭಾಗ ಸರಿಯಾಗಿದ್ದು, ಒಂದು ಗೆರೆ ಎಳೆದಂತೆ ಅಲ್ಲಿಂದ ಕೆಳಗೆ ಮಾತ್ರ ಬಾತಿದ್ದರೆ ಕೂದಲನ್ನು ಬಿಡಿಸಿ ನೋಡಿರಿ. ರಬ್ಬರ್ ಬ್ಯಾಂಡು, ಗಾಳಿಪಟದ ಮಾಂಜಾ, ಗೋಣಿಯ ದಾರ, ಬಿಗಿಯಾಗಿ ಕಟ್ಟಿದ ಪಟ್ಟಿ, ಇವುಗಳಲ್ಲಿ ಯಾವುದಾದರೊಂದು ಚರ್ಮದಲ್ಲಿ ಹೂತು ಕುಳಿತಿರಬಹುದು. ಉದ್ದ ಕೂದಲಿನ ನಾಯಿಯಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಪಂಜ ಮಾತ್ರ ಬಾತು, ನಾಯಿ ಬೆರಳ ಸಂದನ್ನೇ ನೆಕ್ಕುತ್ತಿದ್ದರೆ ಮುಳ್ಳನ್ನು ಸಂಶಯಿಸಬೇಕು. ಜಾಲಿ, ಬಳ್ಳಾರಿ ಜಾಲಿ, ಕುಸುಬಿ, ಒಣ ಹುಲ್ಲಿನ ಚೂಪು ಮೊನೆ, ನಮ್ಮ ಭಾಗದಲ್ಲಿ ಇವುಗಳಿಗೆ ಬರವಿಲ್ಲ. ಮುಳ್ಳಿನ ಬಾವು ಒಂದೆರಡು ದಿನಗಳಲ್ಲಿ ಏರುತ್ತದೆ, ಮುಟ್ಟಿದರೆ ಬಿಸಿ ಹತ್ತುತ್ತದೆ, ಕಡೆಗೆ ಸಣ್ಣ ರಂಧ್ರವಾಗಿ ಕೀವು ಸೋರುತ್ತದೆ.

ಕಾಲು ಜೋತು ಬಿದ್ದು, ಇರಬಾರದ ಕಡೆ ಬಾಗಿದ್ದರೆ ಎಲುಬು ಮುರಿದಿದೆ. ಸೋಲಾಪುರ-ಅಕ್ಕಲಕೋಟ ರಸ್ತೆಯ ವಾಹನಗಳ ಓಟವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೇನು ಅಥವಾ ಕಣಜ ಕಡಿದರೆ ಬಾವು ಬೇಗನೆ ಏರಿ ಬಹುಮಟ್ಟಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ನಾಯಿ ವಾಂತಿ ಮಾಡಿಕೊಂಡು ನೆಲಕ್ಕೊರಗಿದರೆ ಮಾತ್ರ ತಡಮಾಡಬಾರದು. ಚೇಳು ಕಡಿದಾಗ ಬಾವಿಗಿಂತ ನೋವೇ ಹೆಚ್ಚು. ವಯಸ್ಸಾದ ಎತ್ತರದ ನಾಯಿಗಳಲ್ಲಿ, ನಮ್ಮ ಕಡೆಯ ಕಾರವಾನಿ, ಮುಧೋಳ ಜಾತಿಯಂಥ ಉದ್ದ ಕಾಲಿನವುಗಳಲ್ಲಿಯೂ ಸಹ, ಎಲುಬಿನ ಅರ್ಬುದವನ್ನು ಮರೆಯಬಾರದು. ಅದು ಮುಂಗಾಲಿನಲ್ಲಾದರೆ ಭುಜದ ಇಲ್ಲವೆ ಮಣಿಕಟ್ಟಿನ ಬಳಿ, ಹಿಂಗಾಲಿನಲ್ಲಾದರೆ ಹೆಚ್ಚಾಗಿ ಮೊಣಕಾಲಿನ ಬಳಿ ಏಳುತ್ತದೆ. ಕಲ್ಲಿನಂತೆ ಗಟ್ಟಿ. ಬೆಳೆದದ್ದು ನಿಧಾನವಾಗಿ, ನಮ್ಮ ಕಣ್ಣಿಗೆ ಬಿದ್ದದ್ದು ಒಮ್ಮೆಲೇ.

ಮುಟ್ಟಿ ನೋಡುವಾಗ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಮೆಲ್ಲಗೆ ಒತ್ತಿ ಬಿಡಿರಿ. ಹಿಟ್ಟಿನ ಮುದ್ದೆಯಲ್ಲಿ ಉಳಿದಂತೆ ಕುಳಿ ಉಳಿದರೆ ಒಳಗೆ ನೀರು ನಿಂತಿದೆ. ಇನ್ನೊಂದು ಕಾಲನ್ನೂ ಮುಟ್ಟಿ ಬಿಸಿ-ತಂಪು ಹೋಲಿಸಿರಿ. ಆರೋಗ್ಯವಂತ ನಾಯಿಯ ಉಷ್ಣತೆ ಸುಮಾರು ೩೮ರಿಂದ ೩೯.೨ ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ತುಸು ಹೆಚ್ಚು. ಮೂಗು ಒಣಗಿದೆಯೋ ಇಲ್ಲವೋ ಎಂಬುದರಿಂದ ಜ್ವರವನ್ನು ಅಳೆಯಲಾಗದು, ಅದಕ್ಕೆ ಥರ್ಮಾಮೀಟರೇ ಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಒಣ ಕಲ್ಲುಭೂಮಿಯಲ್ಲಿ ಎರಡು ಬಗೆಯ ಮಂಡಲದ ಹಾವುಗಳಿವೆ. ಒಂದು, ಮರಾಠಿಯಲ್ಲಿ ಘೋಣಸ ಎನ್ನುವ ಕೊಳಕುಮಂಡಲ. ಇನ್ನೊಂದು, ಫುರಸೆ ಎನ್ನುವ ಚಿಕ್ಕ ಗರಗಸಮಂಡಲ. ಇಲಿಗಳನ್ನು ಹುಡುಕಿಕೊಂಡು ಘೋಣಸವು ಕಣಿಕೆಯ ಬಣವೆಗೂ ಕಬ್ಬಿನ ಹೊಲಕ್ಕೂ ಬರುತ್ತದೆ. ಫುರಸೆ ಕಲ್ಲುಗಳ ಅಡಿಯಲ್ಲಿರುತ್ತದೆ. ನಾಯಿ ಮೂಸಲು ಹೋಗುತ್ತದೆ, ಕೆದರಲು ಹೋಗುತ್ತದೆ. ಆದ್ದರಿಂದ ಕಡಿತ ಬೀಳುವುದು ಹೆಚ್ಚಾಗಿ ಮೂತಿಗೆ ಇಲ್ಲವೆ ಮುಂಗಾಲಿಗೆ.

ಮಂಡಲದ ವಿಷವು ರಕ್ತನಾಳದ ಗೋಡೆಯನ್ನು ಕೆಡಿಸುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಕಳೆಯುತ್ತದೆ. ಆದುದರಿಂದ ಬಾವು ದಿನಗಳಲ್ಲಿ ಅಲ್ಲ, ನಿಮಿಷ-ಗಂಟೆಗಳಲ್ಲಿ ಏರುತ್ತದೆ. ಮತ್ತು ಅದು ಒಂದೆಡೆ ನಿಲ್ಲದೆ ಪಾದದಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಹತ್ತುತ್ತ ಹೋಗುತ್ತದೆ. ಚರ್ಮ ನೀಲಿ-ಕೆಂಪಾಗುತ್ತದೆ. ಹಲ್ಲಿನ ಗುರುತು ಕೂದಲಿನಲ್ಲಿ ಅಡಗಿರುತ್ತದೆ, ಕೆಲವೊಮ್ಮೆ ಒಂದೇ ಇರುತ್ತದೆ. ಅಲ್ಲಿಂದ ತೆಳುವಾದ ರಕ್ತ ನಿಲ್ಲದೆ ಜಿನುಗಿದರೆ ಸಂಶಯ ಬಲವಾಗುತ್ತದೆ. ಒಸಡಿನಲ್ಲಿ ರಕ್ತ ಕಾಣಿಸಬಹುದು, ಅಥವಾ ಒಸಡು ಬಿಳಿಚಿಕೊಳ್ಳಬಹುದು. ನಾಗರಹಾವಿನ ಕಡಿತದಲ್ಲಿಯೂ ಬಾವು ಬರುತ್ತದೆ, ಜೊತೆಗೆ ಜೊಲ್ಲು ಸುರಿದು ಕಾಲುಗಳು ಸೋಲುತ್ತವೆ. ಮಣ್ಯಾರ ಎಂಬ ಕಟ್ಟುಹಾವು ಕಚ್ಚಿದರೆ ಮಾತ್ರ ಬಾವೇ ಇರುವುದಿಲ್ಲವೆನ್ನಬಹುದು. ಆದುದರಿಂದ ಬಾವು ಬಂದಿಲ್ಲ, ವಿಷ ಏರಿಲ್ಲ ಎಂಬ ನಂಬಿಕೆ ಅಪಾಯಕಾರಿ.

ಬಾವು ಹತ್ತುತ್ತಿದೆಯೋ ನಿಂತಿದೆಯೋ ಎಂಬುದನ್ನು ಅಳೆಯಲು ಒಂದು ಬಾಲ್‌ಪೆನ್ನು, ಒಂದು ದಾರ, ಒಂದು ಗಡಿಯಾರ ಸಾಕು. ಬಾವಿನ ಮೇಲಂಚಿನಲ್ಲಿ ಗೆರೆ ಎಳೆದು ವೇಳೆ ಬರೆದುಕೊಳ್ಳಬೇಕು. ದಾರದಿಂದ ಕಾಲಿನ ಸುತ್ತಳತೆ ತೆಗೆದು ಸ್ಕೇಲಿನ ಮೇಲೆ ಹಿಡಿಯಬೇಕು, ಆ ಮೇಲೆ ದಾರವನ್ನು ಕಾಲಿನಲ್ಲಿ ಬಿಡಕೂಡದು. ೧೫ ನಿಮಿಷಕ್ಕೊಮ್ಮೆ ಹೀಗೆ ಮಾಡಿರಿ. ಏಳು ಗಂಟೆಗೆ ೧೪ ಸೆಂಟಿಮೀಟರ್ ಇದ್ದುದು ಏಳೂವರೆಗೆ ೧೭ ಆಗಿ, ಅಂಚು ಗೆರೆಯನ್ನು ದಾಟಿತೆಂದು ಎಣಿಸಿರಿ. ಆ ಚೀಟಿಯನ್ನು ಪಶುವೈದ್ಯರ ಕೈಗಿತ್ತರೆ, ಅವರು ನಾಯಿಯನ್ನು ಮುಟ್ಟುವ ಮೊದಲೇ ಅರ್ಧ ಸಂಗತಿ ತಿಳಿದಿರುತ್ತದೆ. ಆದರೆ ಅಳೆಯುವ ಸಲುವಾಗಿ ಮನೆಯಲ್ಲಿ ಕೂಡ್ರಬಾರದು. ಹಾವಿನ ಸಂಶಯ ಬಂದ ಕೂಡಲೇ ಹೊರಡಬೇಕು, ಅಳತೆ ದಾರಿಯಲ್ಲಿ ನಡೆಯಲಿ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ಕೊರಳ ಪಟ್ಟಿ, ಸರಪಳಿ ಬಿಚ್ಚಿರಿ. ವಾಹನವಿಲ್ಲದವರು ಸಂಚಾರಿ ಪಶುಚಿಕಿತ್ಸೆಗಾಗಿ ೧೯೬೨ ಎಂಬ ಸಂಖ್ಯೆಗೆ ಫೋನು ಮಾಡಬಹುದು.

ಮಾಡಬಾರದವುಗಳ ಯಾದಿ ದೊಡ್ಡದು, ಏಕೆಂದರೆ ನಮ್ಮ ಜನ ಸುಮ್ಮನೆ ಕೂಡ್ರುವವರಲ್ಲ. ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬರೆ ಹಾಕುವುದು ಮೂರೂ ಬೇಡ. ರಕ್ತ ಹೆಪ್ಪುಗಟ್ಟದ ಪ್ರಾಣಿಗೆ ಕೊಯ್ದ ಗಾಯವೇ ಸಾವಿಗೆ ಕಾರಣವಾದೀತು. ಹಾವನ್ನು ಹಿಡಿಯಲು, ಹೊಡೆಯಲು ಹೋಗಬೇಡಿರಿ. ಮನೆಯ ನೋವಿನ ಗುಳಿಗೆಯನ್ನಂತೂ ಕೊಡಲೇಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಇವು ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸುತ್ತದೆ. (ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್‌ನಿಂದ ರಣಹದ್ದುಗಳು ಸತ್ತು ಹೋದದ್ದರಿಂದ ೨೦೦೬ರಲ್ಲಿ ಅದರ ಪಶು ಉಪಯೋಗವನ್ನೇ ನಮ್ಮ ದೇಶದಲ್ಲಿ ನಿಲ್ಲಿಸಲಾಯಿತು.)

ದವಾಖಾನೆಯಲ್ಲಿ ವೈದ್ಯರು ಮಾಡುವ ಒಂದು ಪರೀಕ್ಷೆ ನಮ್ಮ ಶಾಲೆಯ ಪ್ರಯೋಗಶಾಲೆಯ ವಸ್ತುವಿನಿಂದಲೇ ಆಗುವಂಥದು. ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ನಾಯಿಯ ೨ ಮಿಲಿಲೀಟರ್ ರಕ್ತ ಹಾಕಿ ೨೦ ನಿಮಿಷ ಅಲುಗಾಡಿಸದೆ ನಿಲ್ಲಿಸುತ್ತಾರೆ. ಆಮೇಲೆ ನಳಿಕೆಯನ್ನು ಓರೆ ಮಾಡುತ್ತಾರೆ. ರಕ್ತ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಸರಿ. ನೀರಿನಂತೆ ಹರಿದರೆ ಮಂಡಲದ ವಿಷದ ಸಂಶಯ ಗಟ್ಟಿಯಾಗುತ್ತದೆ. ನಳಿಕೆ ಗಾಜಿನದೇ ಏಕೆ? ಗಾಜಿನ ಮೈ ತಾಗಿದರೆ ರಕ್ತದಲ್ಲಿ ಹೆಪ್ಪುಗಟ್ಟುವ ಕ್ರಿಯೆ ಪ್ರಾರಂಭವಾಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗಾಗದು. ಸಾಬೂನಿನ ಅಂಶ ಉಳಿದಿದ್ದರೂ ಉತ್ತರ ತಪ್ಪುತ್ತದೆ. ಮೊದಲ ಸಲ ಹೆಪ್ಪುಗಟ್ಟಿತೆಂದು ನಿಶ್ಚಿಂತರಾಗದೆ, ಕೆಲವು ಗಂಟೆಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ.

ವಿಷವೆಂದು ಖಚಿತವಾದರೆ ಔಷಧ ಒಂದೇ, ಪ್ರತಿವಿಷ. ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ವಿಷ ಕೊಟ್ಟು ಅದರ ರಕ್ತದಿಂದ ಇದನ್ನು ತೆಗೆಯುತ್ತಾರೆ. ನಮ್ಮ ದೇಶದ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಇದಕ್ಕೆ ಬೇಕಾದ ವಿಷದ ಬಹುಭಾಗವನ್ನು ತಮಿಳುನಾಡಿನಲ್ಲಿ ೧೯೭೮ರಲ್ಲಿ ಸ್ಥಾಪನೆಯಾದ ಇರುಳರ ಸಹಕಾರಿ ಸಂಘದವರು ಹಾವು ಹಿಡಿದು ಒದಗಿಸುತ್ತ ಬಂದಿದ್ದಾರೆ. ನಾಯಿ ಚಿಕ್ಕದೆಂದು ಔಷಧವನ್ನು ಕಡಿಮೆ ಮಾಡುವಂತಿಲ್ಲ. ಹಾವು ಒಳಗೆ ಬಿಟ್ಟ ವಿಷದ ಪ್ರಮಾಣಕ್ಕೆ ಅದು ಸಾಟಿಯಾಗಬೇಕು. ಖರ್ಚಿನ ಮಾತು ಪಾಲಕರಿಗೆ ಅನಿವಾರ್ಯ, ಆದುದರಿಂದ ವೈದ್ಯರನ್ನು ಸಂಕೋಚವಿಲ್ಲದೆ ಮೊದಲೇ ಕೇಳಿಕೊಳ್ಳಿರಿ.

ಬದುಕಿ ಮನೆಗೆ ಬಂದ ನಾಯಿಯ ಬಾವು ಇಳಿಯಲು ವಾರವೂ ಬೇಕಾಗಬಹುದು. ಕಡಿತದ ಸುತ್ತಲಿನ ಚರ್ಮ ಕಪ್ಪಾಗಿ ಕಳಚುವುದುಂಟು, ನೊಣ ಕೂಡ್ರದಂತೆ ನೋಡಿಕೊಳ್ಳಬೇಕು. ಕೊಳಕುಮಂಡಲದ ವಿಷ ಮೂತ್ರಪಿಂಡಕ್ಕೂ ಹಾನಿ ಮಾಡುವುದರಿಂದ, ಮೊದಲ ಕೆಲವು ದಿನ ನಾಯಿ ಎಷ್ಟು ಸಲ ಮೂತ್ರ ಮಾಡಿತು, ಅದರ ಬಣ್ಣ ಹೇಗಿತ್ತು ಎಂಬುದನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದಿಡಿರಿ. ಬಣ್ಣ ಕರಿಚಹದಂತೆ ಕಂಡರೆ, ಇಲ್ಲವೆ ಒಂದು ದಿನವಿಡೀ ಮೂತ್ರವೇ ಆಗದಿದ್ದರೆ, ಕಾಲಿನ ಬಾವು ಇಳಿದಿದ್ದರೂ ಸಹ ಅದನ್ನು ಮತ್ತೆ ವೈದ್ಯರ ಬಳಿಗೆ ಒಯ್ಯಬೇಕು.