ಡೀಸೆಲ್ ಬಿಸಿಗಾಳಿ ಯಂತ್ರ: ಜ್ವಾಲೆಯನ್ನು ಕಾಣುವ ಕಣ್ಣಿನ ದೋಷಗಳೂ ಪರಿಹಾರಗಳೂ

ಕೋಳಿಮರಿಗಳಿಗೆ ಮೊದಲನೆಯ ವಾರದಲ್ಲಿ ಸುಮಾರು 32ರಿಂದ 35 ಡಿಗ್ರಿ ಸೆಂಟಿಗ್ರೇಡ್ ಶಾಖವು ಅವಶ್ಯಕ. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರಬಹುದು. ಇದಕ್ಕಾಗಿ ಇದ್ದಿಲಿನ ಒಲೆ, ವಿದ್ಯುದ್ದೀಪ, ಗ್ಯಾಸು ಇವು ರೂಢಿಯಲ್ಲಿದ್ದರೂ ಕೆಲವು ದೊಡ್ಡ ಕೋಳಿಮನೆಗಳಲ್ಲಿ ಡೀಸೆಲ್ ಉರಿಸುವ ಬಿಸಿಗಾಳಿ ಯಂತ್ರವನ್ನು ಉಪಯೋಗಿಸುವುದುಂಟು. ಚಳಿಗಾಲದ ನಡುರಾತ್ರಿಯಲ್ಲಿ ಈ ಯಂತ್ರವು ನಿಂತುಹೋದರೆ ಮರಿಗಳು ಚಳಿ ತಾಳಲಾರದೆ ಮೂಲೆ ಸೇರಿ ಒಂದರ ಮೇಲೊಂದು ಬೀಳುತ್ತವೆ. ಅಡಿಯಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತವೆ. ಆದುದರಿಂದ ಯಂತ್ರವು ಏಕೆ ನಿಲ್ಲುವುದೆಂಬುದನ್ನು ಅದನ್ನು ನೋಡಿಕೊಳ್ಳುವವರು ಚೆನ್ನಾಗಿ ತಿಳಿದಿರತಕ್ಕದ್ದು.

ಕಣ್ಣಿನ ಕೆಲಸ

ಪಂಪು ಡೀಸೆಲನ್ನು ಒತ್ತಿ ನಾಜಲಿನ ಮೂಲಕ ಹನಿಹನಿಯಾಗಿ ಸಿಂಪಡಿಸುತ್ತದೆ. ಫ್ಯಾನು ಗಾಳಿಯನ್ನು ಒದಗಿಸುತ್ತದೆ. ಎರಡು ಕಡ್ಡಿಗಳ ನಡುವಣ ವಿದ್ಯುತ್ ಕಿಡಿಯಿಂದ ಉರಿ ಹತ್ತುತ್ತದೆ. ಉರಿ ಹತ್ತಿತೋ ಇಲ್ಲವೋ ಎಂಬುದನ್ನು ನೋಡುವುದಕ್ಕೆ ಫೋಟೋಸೆಲ್ ಎಂಬ ಸಣ್ಣ ಕಣ್ಣೊಂದಿದೆ. ಅನೇಕ ಯಂತ್ರಗಳಲ್ಲಿ ಇದನ್ನು ಕ್ಯಾಡ್ಮಿಯಂ ಸಲ್ಫೈಡಿನಿಂದ ಮಾಡಿರುತ್ತಾರೆ. ಕತ್ತಲೆಯಲ್ಲಿ ಇದು ವಿದ್ಯುತ್ತನ್ನು ಬಹಳವಾಗಿ ತಡೆಯುತ್ತದೆ. ಬೆಳಕು ಬಿದ್ದೊಡನೆ ಆ ತಡೆ ಕುಗ್ಗುತ್ತದೆ. ಗೊತ್ತಾದ ಕೆಲವು ಸೆಕೆಂಡುಗಳೊಳಗೆ ಬೆಳಕು ಕಾಣದಿದ್ದರೆ ಕಂಟ್ರೋಲ್ ಪೆಟ್ಟಿಗೆಯು ಡೀಸೆಲನ್ನು ನಿಲ್ಲಿಸಿ ಯಂತ್ರವನ್ನು ಬಂಧಿಸಿಬಿಡುತ್ತದೆ. ಉರಿಯದ ಡೀಸೆಲ್ ಒಳಗೆ ತುಂಬಿಕೊಳ್ಳದಿರಲೆಂದೇ ಈ ಏರ್ಪಾಡು.

ದೋಷವನ್ನು ಗೊತ್ತುಮಾಡುವ ಕ್ರಮ

ಯಂತ್ರವು ನಿಂತೊಡನೆ ಕಣ್ಣನ್ನೇ ಬದಲಾಯಿಸಲು ಹೊರಡುವವರುಂಟು. ಅದಕ್ಕೆ ಮೊದಲು ರೀಸೆಟ್ ಗುಂಡಿಯನ್ನು ಒಂದು ಸಲ ಒತ್ತಿ, ನೋಡುವ ಕಿಂಡಿಯಲ್ಲಿ ದೃಷ್ಟಿಯಿಟ್ಟು, ಉರಿ ಹತ್ತುವುದೇ ಇಲ್ಲವೇ ಎಂಬುದನ್ನು ತಿಳಿಯಬೇಕು. ಫಲಿತಾಂಶವು ಮೂರು ವಿಧವಾಗಿರಬಹುದು.

1. ಉರಿಯೇ ಹತ್ತದಿರುವುದು. ಇಲ್ಲಿ ಕಣ್ಣು ಸತ್ಯವನ್ನೇ ಹೇಳುತ್ತಿದೆ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ತಳದಲ್ಲಿ ನೀರು ನಿಂತಿದೆಯೇ, ಫಿಲ್ಟರು ಕಟ್ಟಿದೆಯೇ, ಕೊಳವೆಯಲ್ಲಿ ಗಾಳಿ ಸೇರಿದೆಯೇ, ನಾಜಲ್ ಮುಚ್ಚಿಕೊಂಡಿದೆಯೇ, ಕಿಡಿ ಕೊಡುವ ಕಡ್ಡಿಗಳಿಗೆ ಮಸಿ ಹತ್ತಿದೆಯೇ ಎಂದು ಕ್ರಮವಾಗಿ ಪರೀಕ್ಷಿಸಬೇಕು. ವಿದ್ಯುತ್ತಿನ ವೋಲ್ಟೇಜು ಬಹಳ ಇಳಿದಿದ್ದರೂ ಕಿಡಿಯು ದುರ್ಬಲವಾಗುವುದು.

2. ಉರಿ ಹತ್ತಿ, ಕೆಲವು ಸೆಕೆಂಡುಗಳಲ್ಲಿ ನಿಲ್ಲುವುದು. ಇಲ್ಲಿ ಕಣ್ಣನ್ನು ಸಂದೇಹಿಸಬೇಕು. ಅದನ್ನು ಹೊರತೆಗೆದು ಗಾಜಿನ ಮೇಲಿನ ಮಸಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಉರಿಯ ಕಡೆಗೆ ನೇರವಾಗಿರುವಂತೆ ಪುನಃ ಕೂರಿಸತಕ್ಕದ್ದು. ತಂತಿಗಳು ಸಡಿಲವಾಗಿದ್ದರೆ ಬಿಗಿಮಾಡಬೇಕು. ಆಗಲೂ ಸರಿಹೋಗದಿದ್ದರೆ ಕಣ್ಣಿನ ತಂತಿಗಳನ್ನು ಬಿಡಿಸಿ ಓಂ ಮೀಟರಿನಿಂದ ಅಳೆಯಬೇಕು. ಬೆರಳಿನಿಂದ ಪೂರ್ಣವಾಗಿ ಮುಚ್ಚಿದಾಗ ತಡೆಯು ಬಹಳ ಏರಿ, ಬೆಳಕಿಗೆ ಹಿಡಿದಾಗ ಬಹಳ ಇಳಿದರೆ ಕಣ್ಣು ಚೆನ್ನಾಗಿದೆ. ಎರಡು ಸಂದರ್ಭಗಳಲ್ಲಿಯೂ ಒಂದೇ ಅಳತೆ ಬಂದರೆ ಅದು ಕೆಟ್ಟಿದೆ. ಉರಿಯುವಾಗ ಇರಬೇಕಾದ ಅಳತೆಯನ್ನು ಯಂತ್ರದ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ಕಣ್ಣು ಚೆನ್ನಾಗಿದ್ದೂ ಯಂತ್ರವು ನಿಂತರೆ, ಗಾಳಿ ಹೆಚ್ಚಾಗಿ ಉರಿಯು ತೆಳುವಾಗಿ ಬಾಯಿಯಿಂದ ದೂರ ಸರಿದಿರಬಹುದು.

3. ಉರಿ ಹತ್ತುವ ಮೊದಲೇ ಬಂಧಿಸಿಕೊಳ್ಳುವುದು ಅಥವಾ ಹೊರಡದಿರುವುದು. ಮುಚ್ಚಳವು ಸರಿಯಾಗಿ ಕೂರದೆಯೋ, ಕಿಂಡಿಯ ಗಾಜು ಒಡೆದೋ ಹೊರಗಿನ ಬೆಳಕು ಒಳಗೆ ಬರುತ್ತಿರಬಹುದು. ಇಲ್ಲವೆ ಕಣ್ಣಿನ ತಂತಿಗಳೆರಡೂ ಸುಲಿದು ಪರಸ್ಪರ ತಾಗಿರಬಹುದು.

ಮಸಿಯ ಮೂಲ

ಕಣ್ಣನ್ನು ಒರೆಸಿದ ಕೆಲವೇ ದಿನಗಳಲ್ಲಿ ಅದು ಮತ್ತೆ ಮಸಿಗಟ್ಟಿದರೆ ಒರೆಸುವುದೊಂದರಿಂದಲೇ ಪ್ರಯೋಜನವಿಲ್ಲ. ಗಾಳಿಯ ಕೊರತೆ, ಸವೆದ ನಾಜಲ್, ಕೊಳೆಯಾದ ಡೀಸೆಲ್ ಇವುಗಳಿಂದ ಉರಿಯು ಹೊಗೆಯಾಡುತ್ತದೆ. ಕೋಳಿಮನೆಯ ಧೂಳು ಮತ್ತು ಪುಕ್ಕಗಳು ಫ್ಯಾನಿನ ಬಾಯಿಗೆ ಅಂಟಿಕೊಂಡು ಗಾಳಿಯನ್ನು ತಡೆಯುವುದುಂಟು. ಅಲ್ಲಿ ಆಗಾಗ್ಗೆ ಶುಚಿಮಾಡುವುದು ಅತ್ಯವಶ್ಯಕ.

ಎಚ್ಚರಿಕೆಗಳು

ರೀಸೆಟ್ ಗುಂಡಿಯನ್ನು ಮೇಲಿಂದ ಮೇಲೆ ಒತ್ತಕೂಡದು. ಪ್ರತಿಸಲವೂ ಹಸಿ ಡೀಸೆಲ್ ಒಳಗೆ ಬಿದ್ದು, ಕಡೆಗೆ ಕಿಡಿ ತಾಗಿದಾಗ ಒಮ್ಮೆಲೇ ಭುಗಿಲೆಂದು ಉರಿದು ಮನೆಗೂ ಮನುಷ್ಯರಿಗೂ ಅಪಾಯವಾಗುವುದು. ಒಳಗೆ ಡೀಸೆಲ್ ನಿಂತಿರುವುದು ಕಂಡರೆ ಅದನ್ನು ತೆಗೆದು ಒರೆಸುವವರೆಗೆ ಯಂತ್ರವನ್ನು ಹೊರಡಿಸಲೇಬಾರದು. ಕಣ್ಣಿಗೆ ಟಾರ್ಚ್ ಬೆಳಕು ಹಿಡಿದು ಯಂತ್ರವನ್ನು ಮೋಸಗೊಳಿಸುವುದೂ, ಅದರ ತಂತಿಗಳನ್ನು ಒಂದಕ್ಕೊಂದು ಕೂಡಿಸುವುದೂ ಕಾವಲುಗಾರನ ಕಣ್ಣು ಕಟ್ಟಿದಂತೆಯೇ ಸರಿ. ಯಾವ ಭಾಗವನ್ನು ಮುಟ್ಟುವುದಕ್ಕೂ ಮುಂಚೆ ವಿದ್ಯುತ್ತನ್ನು ಕಡಿದು, ಡೀಸೆಲ್ ನಲ್ಲಿಯನ್ನು ಮುಚ್ಚಿ, ಯಂತ್ರವು ತಣ್ಣಗಾಗುವವರೆಗೆ ಕಾಯಬೇಕು. ಕಂಟ್ರೋಲ್ ಪೆಟ್ಟಿಗೆಯ ಒಳಗಿನ ರಿಪೇರಿಯನ್ನು ತಿಳಿದ ಮೆಕ್ಯಾನಿಕರಿಗೇ ಬಿಡತಕ್ಕದ್ದು.

ಮರಿಗಳು ಬರುವ ಎರಡು ದಿನ ಮುಂಚಿತವಾಗಿಯೇ ಯಂತ್ರವನ್ನು ನಡೆಸಿ ನೋಡುವುದು ಉತ್ತಮ. ಸರಿಯಾದ ಮಾದರಿಯ ಒಂದು ಕಣ್ಣು, ಒಂದು ನಾಜಲ್, ಒಂದು ಫಿಲ್ಟರು ಇವು ಕೈಗೆ ಸಿಕ್ಕುವಂತಿರಲಿ. ಯಂತ್ರವು ಎಷ್ಟೇ ಚೆನ್ನಾಗಿದ್ದರೂ, ಶಾಖಕ್ಕೆ ಬೇರೊಂದು ಏರ್ಪಾಡನ್ನು ಸಿದ್ಧವಾಗಿಟ್ಟುಕೊಂಡರೆ ನಡುರಾತ್ರಿಯಲ್ಲಿ ಆತುರಪಟ್ಟು ಅಪಾಯದ ಉಪಾಯಗಳಿಗೆ ಕೈಹಾಕುವ ಪ್ರಸಂಗವು ಬರಲಾರದು.