ವ್ರತಕ್ಕೆ ನಿಮಿತ್ತರಾದವರು

ಮಣ್ಣು ಗಡಿಗೆಯಾಗಬೇಕಾದರೆ ಕುಂಬಾರನೂ ಬೇಕು, ಚಕ್ರವೂ ಬೇಕು, ನೀರೂ ಬೇಕು. ಆದರೂ ಕಡೆಗೆ ಗಡಿಗೆಯಾಗುವುದು ಮಣ್ಣೇ ಹೊರತು ಕುಂಬಾರನಲ್ಲ. ಮಣ್ಣು ಉಪಾದಾನ ಕಾರಣ. ಉಳಿದವೆಲ್ಲ ನಿಮಿತ್ತ ಕಾರಣ. ಶಾಸ್ತ್ರಾಭ್ಯಾಸದ ಆರಂಭದಲ್ಲಿಯೇ ಬರುವ ಈ ದೃಷ್ಟಾಂತವನ್ನು ವ್ರತಗಳ ವಿಷಯಕ್ಕೆ ಅನ್ವಯಿಸಿ ನೋಡುವ ರೂಢಿ ಶ್ರಾವಕರ ಮನೆಗಳಲ್ಲಿ ಕಡಿಮೆ. ‘ಈ ವ್ರತವನ್ನು ನಿನಗೆ ಕೊಟ್ಟವರು ಯಾರು?’ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ: ತಾಯಿ, ಅಜ್ಜಿ, ಚಾತುರ್ಮಾಸಕ್ಕೆ ಊರಿಗೆ ಬಂದಿದ್ದ ಮುನಿಮಹಾರಾಜರು. ‘ಕೊಟ್ಟವರು ಎದುರಿಗೆ ಇಲ್ಲದಾಗಲೂ ಈ ವ್ರತ ಉಳಿಯುವುದೇ?’ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಬೇಗ ಬಾರದು.

ತತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು, ಸಮ್ಯಗ್ದರ್ಶನವು ನಿಸರ್ಗದಿಂದಲೂ ಉಂಟಾಗಬಹುದು, ಅಧಿಗಮದಿಂದಲೂ, ಎಂದರೆ ಪರರ ಉಪದೇಶದಿಂದಲೂ ಉಂಟಾಗಬಹುದು ಎಂದು ಹೇಳಿದ್ದಾರೆ. ಐದನೆಯ ಅಧ್ಯಾಯದಲ್ಲಿ, ಒಂದು ಜೀವ ಮತ್ತೊಂದು ಜೀವಕ್ಕೆ ಉಪಕಾರಕವಾಗಿರುವುದೇ ಜೀವಗಳ ಕಾರ್ಯವೆಂದಿದ್ದಾರೆ. ಆದುದರಿಂದ ತನಗೆ ಉಪಕಾರ ಮಾಡಿದವರನ್ನು ಸ್ಮರಿಸುವುದು ಕೇವಲ ಸೌಜನ್ಯವಲ್ಲ; ಅದು ತತ್ತ್ವದ ಅಭ್ಯಾಸವೂ ಹೌದು.

ತನ್ನ ಬಾಳಿಗೆ ಯಾರು ಯಾರು ನಿಮಿತ್ತರಾದರೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟವರಲ್ಲಿ ಮಹಾತ್ಮಾ ಗಾಂಧೀಜಿಯವರು ಪ್ರಮುಖರು. ಅವರು ಜನ್ಮತಃ ಜೈನರಲ್ಲ, ಜೈನಧರ್ಮವನ್ನು ಸ್ವೀಕರಿಸಿದವರೂ ಅಲ್ಲ. ಆದರೆ ಅವರ ವ್ರತಗಳಿಗೆ ನಿಮಿತ್ತರಾದವರಲ್ಲಿ ಇಬ್ಬರು ಜೈನರು. ವ್ರತವು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಬರುತ್ತದೆ, ಬಂದ ಮೇಲೆ ಹೇಗೆ ಸ್ವಂತದ್ದಾಗುತ್ತದೆ ಎಂಬುದನ್ನು ತಿಳಿಯಲು ಅವರ ಜೀವನವು ಒಳ್ಳೆಯ ಪಾಠವಾಗಿದೆ.

೧. ತಾಯಿ

ಗಾಂಧೀಜಿಯವರ ತಾಯಿ ಪುತಲೀಬಾಯಿಯವರು ವ್ರತನಿಷ್ಠೆಯುಳ್ಳ ಗೃಹಿಣಿ. ಚಾತುರ್ಮಾಸದಲ್ಲಿ ದಿನಕ್ಕೆ ಒಂದೇ ಊಟ. ಒಮ್ಮೆ ಚಾತುರ್ಮಾಸವಿಡೀ ದಿನ ಬಿಟ್ಟು ದಿನ ಉಪವಾಸ. ಎರಡು ಮೂರು ಉಪವಾಸಗಳನ್ನು ಒಂದರ ಮೇಲೊಂದರಂತೆ ಮಾಡುವುದು ಅವರಿಗೆ ಪ್ರಯಾಸವೆನಿಸುತ್ತಿರಲಿಲ್ಲ. ಒಂದು ಚಾತುರ್ಮಾಸದಲ್ಲಿ ಸೂರ್ಯದರ್ಶನವಾಗದೆ ಅನ್ನವನ್ನು ಮುಟ್ಟುವುದಿಲ್ಲವೆಂಬ ನಿಯಮ ತಾಳಿದ್ದರು. ಮಳೆಗಾಲದಲ್ಲಿ ಸೂರ್ಯನು ಎಷ್ಟೋ ದಿನ ಕಾಣಿಸಿಕೊಳ್ಳುತ್ತಿರಲಿಲ್ಲ. ಮಕ್ಕಳು ಅಂಗಳದಲ್ಲಿ ನಿಂತು ಆಕಾಶವನ್ನು ನೋಡುತ್ತಿದ್ದು, ಮೋಡ ಸರಿದೊಡನೆ ಓಡಿಹೋಗಿ ತಾಯಿಗೆ ಹೇಳುತ್ತಿದ್ದರು. ತಾಯಿ ಹೊರಗೆ ಬರುವಷ್ಟರಲ್ಲಿ ಸೂರ್ಯನು ಮತ್ತೆ ಮರೆಯಾಗಿರುತ್ತಿದ್ದನು. ಆಕೆ ಬೇಸರಪಡದೆ, ಈ ದಿನ ಊಟ ದೇವರಿಗೆ ಒಪ್ಪಿಗೆಯಿಲ್ಲವೆಂದು ನಗುತ್ತ ಒಳಗಿನ ಕೆಲಸಕ್ಕೆ ಹೊರಟುಹೋಗುತ್ತಿದ್ದರು.

ಇಲ್ಲಿ ಗಮನಿಸತಕ್ಕದ್ದು ಆ ನಗು. ಉಪವಾಸ ಮಾಡಿದ ತಾಯಿ ದಿನವಿಡೀ ಮುಖ ಬಾಡಿಸಿಕೊಂಡು ಮನೆಯವರ ಮೇಲೆ ರೇಗಿದ್ದರೆ ಆ ಬಾಲಕನು ಕಲಿಯುತ್ತಿದ್ದ ಪಾಠವೇ ಬೇರೆಯಾಗುತ್ತಿತ್ತು. ಆ ಮನೆಯಲ್ಲಿ ವ್ರತದ ಕುರಿತು ಉಪದೇಶಕ್ಕಿಂತ ಮೊದಲು ವ್ರತಿಯ ಪ್ರಸನ್ನತೆ ಮಗುವಿನ ಕಣ್ಣಿಗೆ ಬಿತ್ತು. ಸೂರ್ಯನನ್ನು ಸಾಕ್ಷಿಯಾಗಿಟ್ಟುಕೊಂಡು ಉಣ್ಣುವ ನಿಯಮವು ರಾತ್ರಿಭೋಜನತ್ಯಾಗವನ್ನು ಪಾಲಿಸುವ ಮನೆಗಳಿಗೆ ಅಪರಿಚಿತವಲ್ಲ. ಆ ನಿಯಮವನ್ನು ಮಕ್ಕಳು ಭಾರವೆಂದು ನೋಡುತ್ತಾರೋ ಸಂತೋಷವೆಂದು ನೋಡುತ್ತಾರೋ ಎಂಬುದು ಹಿರಿಯರ ಮುಖಭಾವವನ್ನು ಬಹುಮಟ್ಟಿಗೆ ಅವಲಂಬಿಸಿದೆ.

೨. ವ್ರತವನ್ನು ಕೊಟ್ಟ ಮುನಿ

೧೮೮೮ರಲ್ಲಿ ತರುಣ ಮೋಹನದಾಸರು ನ್ಯಾಯಶಾಸ್ತ್ರದ ಓದಿಗಾಗಿ ಇಂಗ್ಲೆಂಡಿಗೆ ಹೋಗಲು ಹೊರಟಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಪರದೇಶದಲ್ಲಿ ಮಗನು ಕೆಡುವನೆಂಬ ಭಯ ತಾಯಿಗಿತ್ತು. ಆಗ ಆ ಕುಟುಂಬದ ಹಿತೈಷಿಗಳಾಗಿದ್ದ ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುಗಳು ಪರಿಹಾರವೊಂದನ್ನು ಸೂಚಿಸಿದರು. ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನು ಮುಟ್ಟುವುದಿಲ್ಲವೆಂದು ಅವರ ಸಮ್ಮುಖದಲ್ಲಿ ಮೋಹನದಾಸರು ಪ್ರತಿಜ್ಞೆ ಮಾಡಿದರು. ತಾಯಿ ಒಪ್ಪಿಗೆ ಕೊಟ್ಟರು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ವಿಭಾಗಿಸಿದ್ದಾರೆ. ಪರದೇಶದ ವಾಸಕ್ಕೆಂದು ಕೊಟ್ಟ ಈ ಪ್ರತಿಜ್ಞೆಯು ನಿಯಮದ ಸ್ವರೂಪದ್ದು. ಅದೂ ಆ ತರುಣನ ಸ್ವಂತ ಶ್ರದ್ಧೆಯಿಂದ ಹುಟ್ಟಿದ್ದಲ್ಲ. ಬಾಲ್ಯದಲ್ಲಿ ಸ್ನೇಹಿತನ ಮಾತಿಗೆ ಮರುಳಾಗಿ ಗುಟ್ಟಾಗಿ ಮಾಂಸವನ್ನು ತಿಂದಿದ್ದ ಆತನಿಗೆ, ಮಾಂಸಾಹಾರದಿಂದ ದೇಶಕ್ಕೆ ಬಲ ಬರುವುದೆಂಬ ನಂಬಿಕೆ ಆಗಲೂ ಪೂರ್ತಿ ಬಿಟ್ಟಿರಲಿಲ್ಲ. ವ್ರತವಿತ್ತು, ವ್ರತದ ಒಳಗಿರಬೇಕಾದ ನಿಶ್ಚಯವಿನ್ನೂ ಬಂದಿರಲಿಲ್ಲ.

ಹಾಗಾದರೆ ಅಂಥ ವ್ರತ ನಿಷ್ಫಲವೇ? ಅನಂತಮತಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಅಷ್ಟಾಹ್ನಿಕ ಪರ್ವದಲ್ಲಿ ತಾನು ಎಂಟು ದಿನಗಳ ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿದ ತಂದೆ ವಿನೋದಕ್ಕಾಗಿ ಮಗಳಿಗೂ ಅದನ್ನು ಕೊಡಿಸಿದನು. ಕೊಡಿಸಿದವನಿಗೆ ಅದು ವಿನೋದ, ಪಡೆದವಳಿಗೆ ಸತ್ಯ. ಮುಂದೆ ಎಷ್ಟು ಸಂಕಟಗಳು ಬಂದರೂ ಆಕೆ ಅದನ್ನು ಬಿಡಲಿಲ್ಲ. ನಿಮಿತ್ತವು ಹಗುರವಾಗಿದ್ದರೂ ಉಪಾದಾನವು ಬಲವಾಗಿದ್ದರೆ ವ್ರತ ನಿಲ್ಲುವುದು.

೩. ಆಜ್ಞೆಯಿಂದ ಪರೀಕ್ಷೆಗೆ

ಲಂಡನ್ನಿನಲ್ಲಿ ಪ್ರತಿಜ್ಞೆಯ ಪರೀಕ್ಷೆ ಮೊದಲಾಯಿತು. ಹೊಟ್ಟೆ ತುಂಬ ಊಟವಿಲ್ಲ. ಮಿತ್ರರ ಒತ್ತಾಯ ಬೇರೆ. ಓದುಬರಹವಿಲ್ಲದ ತಾಯಿಯ ಮುಂದೆ, ಅಲ್ಲಿಯ ಪರಿಸ್ಥಿತಿಯನ್ನರಿಯದೆ ಮಾಡಿದ ಪ್ರತಿಜ್ಞೆಗೆ ಬೆಲೆಯೇನೆಂದು ಅವರು ವಾದಿಸಿದರು. ವಾದಕ್ಕೆ ಉತ್ತರ ಕೊಡಲು ತರುಣನಿಗೆ ತಿಳಿಯಲಿಲ್ಲ. ಆದರೂ ಪ್ರತಿಜ್ಞೆಯೆಂದರೆ ಪ್ರತಿಜ್ಞೆಯೇ ಎಂಬ ಒಂದೇ ಮಾತಿಗೆ ಆತನು ಅಂಟಿಕೊಂಡನು. ಮುಂದೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಶಾಕಾಹಾರದ ಭೋಜನಾಲಯವೊಂದು ದೊರೆಯಿತು. ಅಲ್ಲಿಯೇ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಎಂಬವರ ಶಾಕಾಹಾರ ಸಮರ್ಥನೆಯ ಪುಸ್ತಕವನ್ನು ಕೊಂಡು ಓದಿದ ಮೇಲೆ, ಅಲ್ಲಿಯವರೆಗೆ ತಾಯಿಗಾಗಿ ಬಿಟ್ಟಿದ್ದ ಮಾಂಸವನ್ನು ಆತನು ತನ್ನ ವಿವೇಕದಿಂದಲೇ ಬಿಟ್ಟನು.

ಆಜ್ಞಾಪ್ರಧಾನಿ, ಪರೀಕ್ಷಾಪ್ರಧಾನಿ ಎಂದು ಶ್ರದ್ಧೆಯುಳ್ಳವರಲ್ಲಿ ಎರಡು ಬಗೆಯನ್ನು ಹೇಳುವುದುಂಟು. ಈ ಪ್ರಸಂಗದಲ್ಲಿ ಎರಡೂ ಒಂದರ ಹಿಂದೆ ಒಂದಾಗಿ ಬಂದಿವೆ. ಆಜ್ಞೆಯನ್ನು ಮೊದಲು ಉಳಿಸಿಕೊಳ್ಳದಿದ್ದರೆ ಪರೀಕ್ಷೆಗೆ ಅವಕಾಶವೇ ಇರುತ್ತಿರಲಿಲ್ಲ. ಪರೀಕ್ಷೆ ಬಾರದಿದ್ದರೆ ಆಜ್ಞೆ ಬಹುಕಾಲ ಉಳಿಯುತ್ತಿತ್ತೆಂದು ಹೇಳಲಾಗದು.

ವ್ರತದ ಅರ್ಥದ ಪ್ರಶ್ನೆಯೂ ಅಲ್ಲಿಯೇ ಎದ್ದಿತು. ಮೊಟ್ಟೆ ಮಾಂಸವಲ್ಲವೆಂದು ಆ ದೇಶದ ಕೆಲವು ಶಾಕಾಹಾರಿಗಳು ಹೇಳುತ್ತಿದ್ದರು. ಆ ಮಾತಿಗೊಪ್ಪಿ ತರುಣನು ಸ್ವಲ್ಪ ಕಾಲ ಮೊಟ್ಟೆಯನ್ನು ತಿಂದನು. ಅನಂತರ ಆತನಿಗೆ ಅರಿವಾಯಿತು: ಪ್ರತಿಜ್ಞೆಯನ್ನು ಪಡೆದವಳು ತಾಯಿ, ಆಕೆ ಮಾಂಸವೆಂಬ ಶಬ್ದಕ್ಕೆ ಯಾವ ಅರ್ಥವನ್ನಿಟ್ಟಿದ್ದಳೋ ಅದೇ ತನಗೆ ಬಂಧಕ. ಆಕೆಯ ಅರ್ಥದಲ್ಲಿ ಮೊಟ್ಟೆಯೂ ವರ್ಜ್ಯ. ಆ ಕ್ಷಣದಿಂದ ಮೊಟ್ಟೆಯನ್ನು ಬಿಟ್ಟು, ಮೊಟ್ಟೆ ಬೆರೆತ ತಿಂಡಿಗಳನ್ನೂ ವಿಚಾರಿಸಿ ಬಿಡಬೇಕಾಯಿತು. ವ್ರತದ ಮಾತಿನಲ್ಲಿ ಸಂದೇಹ ಬಂದಾಗ ತನಗೆ ಅನುಕೂಲವಾದ ಅರ್ಥವನ್ನು ಬಿಟ್ಟು, ಕೊಟ್ಟವರ ಭಾವವನ್ನು ಹಿಡಿಯಬೇಕೆಂಬುದು ಇದರಿಂದ ತಿಳಿಯತಕ್ಕ ಪಾಠ.

೪. ಶ್ರೀಮದ್ ರಾಜಚಂದ್ರರು

೧೮೯೧ರಲ್ಲಿ ಬ್ಯಾರಿಸ್ಟರರಾಗಿ ಮುಂಬಯಿಗೆ ಮರಳಿದಾಗ ತಾಯಿ ತೀರಿಕೊಂಡ ಸುದ್ದಿ ಗಾಂಧೀಜಿಯವರನ್ನು ಕಾದಿತ್ತು. ಮಗನು ಪರದೇಶದಲ್ಲಿ ದುಃಖಿಸಬಾರದೆಂದು ಅಣ್ಣ ಅದನ್ನು ಅಲ್ಲಿಯವರೆಗೆ ತಿಳಿಸಿರಲಿಲ್ಲ. ಪ್ರತಿಜ್ಞೆಯನ್ನು ಪಾಲಿಸಿ ಬಂದೆನೆಂದು ಹೇಳಲು ತಾಯಿಯೇ ಇರಲಿಲ್ಲ. ಅದೇ ಮುಂಬಯಿಯಲ್ಲಿ, ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ, ಅದೇ ಸಮಯದಲ್ಲಿ ಅವರಿಗೆ ರಾಯಚಂದಭಾಯಿಯವರ, ಎಂದರೆ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು.

೧೮೬೭ರಲ್ಲಿ ಸೌರಾಷ್ಟ್ರದ ವವಾಣಿಯಾದಲ್ಲಿ ಜನಿಸಿದ ರಾಜಚಂದ್ರರು ಗಾಂಧೀಜಿಯವರಿಗಿಂತ ಎರಡು ವರ್ಷ ಮಾತ್ರ ಹಿರಿಯರು, ಮುಂಬಯಿಯಲ್ಲಿ ರತ್ನವ್ಯಾಪಾರಿಗಳು. ಅವರು ಶತಾವಧಾನಿಗಳೆಂದು ಕೇಳಿ, ಗಾಂಧೀಜಿಯವರು ತಮಗೆ ತಿಳಿದಿದ್ದ ಪರಭಾಷೆಗಳ ಶಬ್ದಗಳನ್ನೆಲ್ಲ ಒಂದೊಂದಾಗಿ ಓದಿದರು. ರಾಜಚಂದ್ರರು ಅವನ್ನು ಅದೇ ಕ್ರಮದಲ್ಲಿ ತಿರುಗಿ ಹೇಳಿದರು. ಅದು ಆಶ್ಚರ್ಯವನ್ನುಂಟುಮಾಡಿತಾದರೂ ಮನಸ್ಸನ್ನು ಗೆದ್ದದ್ದು ಬೇರೆ. ಸಾವಿರಾರು ರೂಪಾಯಿಗಳ ವ್ಯವಹಾರವನ್ನು ಮುಗಿಸಿದ ಮರುಗಳಿಗೆಯಲ್ಲಿಯೇ ಅವರ ಕೈಗೆ ಧರ್ಮಗ್ರಂಥವೋ ತಮ್ಮ ಆತ್ಮಚಿಂತನೆಯ ಟಿಪ್ಪಣಿಪುಸ್ತಕವೋ ಬರುತ್ತಿತ್ತು. ಗೃಹಸ್ಥನು ಅಂಗಡಿಯಲ್ಲಿ ಕುಳಿತೂ ಆತ್ಮಾರ್ಥಿಯಾಗಿರಬಹುದೆಂಬುದಕ್ಕೆ ಈ ದೃಶ್ಯವೇ ಪ್ರಮಾಣವಾಯಿತು.

ಮುಂದೆ ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತ ಮಿತ್ರರು ತಮ್ಮ ಧರ್ಮಕ್ಕೆ ಕರೆಯುತ್ತಿದ್ದಾಗ ಗಾಂಧೀಜಿಯವರ ಚಿತ್ತ ಡೋಲಾಯಮಾನವಾಯಿತು. ೧೮೯೪ರಲ್ಲಿ ಅವರು ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ರಾಜಚಂದ್ರರಿಗೆ ಕಳುಹಿಸಿದರು: ಆತ್ಮವೆಂದರೇನು, ಈಶ್ವರನೆಂದರೇನು, ಮೋಕ್ಷವೆಂದರೇನು. ಕಡೆಯ ಪ್ರಶ್ನೆ, ಹಾವು ಕಚ್ಚಲು ಬಂದರೆ ಕಚ್ಚಗೊಡಬೇಕೋ ಕೊಲ್ಲಬೇಕೋ ಎಂಬುದು. ದೇಹ ಅನಿತ್ಯವೆಂದು ಅರಿತವನು ಅದರ ರಕ್ಷಣೆಗಾಗಿ ಮತ್ತೊಂದು ಜೀವವನ್ನು ಕೊಲ್ಲುವುದು ಯೋಗ್ಯವಲ್ಲವೆಂಬ ಅಭಿಪ್ರಾಯ ಉತ್ತರದಲ್ಲಿತ್ತು. ಜೈನನಾಗೆಂದು ರಾಜಚಂದ್ರರು ಎಲ್ಲಿಯೂ ಒತ್ತಾಯಿಸಲಿಲ್ಲ. ತಾಳ್ಮೆಯಿಂದಿದ್ದು ಸ್ವಧರ್ಮವನ್ನೇ ಆಳವಾಗಿ ಅಭ್ಯಾಸ ಮಾಡುವಂತೆ ಸೂಚಿಸಿದರು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ಜಾರುತ್ತಿರುವವನನ್ನು ಮತ್ತೆ ನಿಲ್ಲಿಸುವುದೇ ಅದು. ದೀಕ್ಷೆ ಪಡೆದರೂ ಮನೆಯ ಕಡೆಗೆ ಮನಸ್ಸಿಟ್ಟಿದ್ದ ಪುಷ್ಪಡಾಲನನ್ನು ವಾರಿಷೇಣ ಮುನಿಗಳು ಬೈಯಲಿಲ್ಲ; ತಾವು ತೊರೆದ ವೈಭವವನ್ನು ತೋರಿಸಿ ಸ್ಥಿರಗೊಳಿಸಿದರು. ರಾಜಚಂದ್ರರ ಪತ್ರಗಳು ಮಾಡಿದ ಕಾರ್ಯವೂ ಇದೇ ಜಾತಿಯದು. ೧೯೦೧ರಲ್ಲಿ ಮೂವತ್ಮೂರನೆಯ ವಯಸ್ಸಿನಲ್ಲಿ ರಾಜಕೋಟೆಯಲ್ಲಿ ಅವರ ದೇಹಾಂತವಾಯಿತು. ೧೯೦೬ರಲ್ಲಿ ಗಾಂಧೀಜಿಯವರು ಯಾವಜ್ಜೀವ ಬ್ರಹ್ಮಚರ್ಯವನ್ನು ಸ್ವೀಕರಿಸಿದಾಗ, ಆ ವಿಚಾರದ ಬೀಜ ರಾಜಚಂದ್ರರ ಸಂಭಾಷಣೆಯಿಂದ ಬಂದುದೆಂದು ಸ್ಮರಿಸಿದ್ದಾರೆ. ನಿಯಮದಿಂದ ಆರಂಭವಾದುದು ಯಮದವರೆಗೆ ಬಂದಿತು. ಆ ಹೊತ್ತಿಗೆ ತಾಯಿಯೂ ಇರಲಿಲ್ಲ, ಮಾರ್ಗದರ್ಶಕರೂ ಇರಲಿಲ್ಲ.

ದಿಗಂಬರ ಸಮಾಜಕ್ಕೂ ಕರ್ನಾಟಕಕ್ಕೂ ರಾಜಚಂದ್ರರ ಋಣವೊಂದಿದೆ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯವನ್ನು ಗುಜರಾತಿಗೆ ತಂದ ಅವರು ಪಂಥಭೇದವನ್ನೆಣಿಸದೆ ಶ್ರುತವನ್ನು ಗೌರವಿಸಿದರು. ಅವರ ಪ್ರೇರಣೆಯಿಂದ ಹುಟ್ಟಿದ ಪರಮಶ್ರುತ ಪ್ರಭಾವಕ ಮಂಡಲದ ಶಾಸ್ತ್ರಮಾಲೆಯಲ್ಲಿಯೇ, ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿದ ಪ್ರವಚನಸಾರ ೧೯೩೫ರಲ್ಲಿ ಪ್ರಕಟವಾಯಿತು.

೫. ಹಾಲಿನ ವ್ರತ

ಹಾಲು ಇಂದ್ರಿಯಗಳನ್ನು ಕೆರಳಿಸುವುದೆಂಬ ಮಾತನ್ನೂ ಗಾಂಧೀಜಿಯವರು ಮೊದಲು ಕೇಳಿದ್ದು ರಾಜಚಂದ್ರರಿಂದಲೇ. ೧೯೧೨ರಲ್ಲಿ ಟಾಲ್‌ಸ್ಟಾಯ್ ಫಾರಂನಲ್ಲಿ ಅವರು ಹಾಲನ್ನು ಬಿಟ್ಟರು. ಹಸು ಎಮ್ಮೆಗಳಿಂದ ಕ್ರೂರವಾಗಿ ಹಾಲು ಹಿಂಡುವ ಸಂಗತಿಗಳನ್ನು ಓದಿದ್ದೂ ಇದಕ್ಕೆ ಕಾರಣವಾಯಿತು. ೧೯೧೮ರಲ್ಲಿ ಅವರು ತೀವ್ರ ಕಾಯಿಲೆ ಬಿದ್ದಾಗ ಹಾಲಿಲ್ಲದೆ ದೇಹ ಚೇತರಿಸದೆಂದು ವೈದ್ಯರು ಹೇಳಿದರು. ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಹಸುವಿನ ಮತ್ತು ಎಮ್ಮೆಯ ಹಾಲಲ್ಲವೇ, ಆಡಿನ ಹಾಲಿಗೆ ಅಡ್ಡಿಯೇನೆಂದು ಕಸ್ತೂರಬಾ ಕೇಳಿದರು. ಗಾಂಧೀಜಿಯವರು ಒಪ್ಪಿ ಆಡಿನ ಹಾಲನ್ನು ಕುಡಿದರು, ಬದುಕಿದರು. ಆದರೆ ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂಬ ಕೊರಗನ್ನು ಮುಚ್ಚಿಡಲಿಲ್ಲ.

ಮೊಟ್ಟೆಯ ಪ್ರಸಂಗವನ್ನೂ ಹಾಲಿನ ಪ್ರಸಂಗವನ್ನೂ ಜೊತೆಗಿಟ್ಟು ನೋಡಬೇಕು. ಮೊದಲನೆಯದರಲ್ಲಿ ಅರ್ಥವನ್ನು ನಿರ್ಣಯಿಸಲು ತಾಯಿಯ ಭಾವವಿತ್ತು. ಎರಡನೆಯದರಲ್ಲಿ ವ್ರತವನ್ನು ತೊಟ್ಟವರೂ ಅರ್ಥವನ್ನು ಹೇಳಬೇಕಾದವರೂ ಒಬ್ಬರೇ. ಅಂಥ ಕಡೆಯಲ್ಲಿ ಸಡಿಲಿಕೆ ಸುಲಭ. ಆದುದರಿಂದ ಪ್ರಾಮಾಣಿಕತೆ ಹೆಚ್ಚು ಬೇಕು. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ತತ್ವಾರ್ಥಸೂತ್ರ ಹೇಳುತ್ತದೆ. ಸಡಿಲಿಕೆಯನ್ನು ಸಡಿಲಿಕೆಯೆಂದೇ ಹೇಳಿಕೊಳ್ಳುವುದು ಮಾಯಾಶಲ್ಯವನ್ನು ಕಿತ್ತೊಗೆಯುವ ಮೊದಲ ಹೆಜ್ಜೆ. ಮುಂದಿನದು ಆಲೋಚನೆ, ಪ್ರಾಯಶ್ಚಿತ್ತ.

೬. ಖಾಲಿ ಉಳಿದ ಆಸನ

ತಮ್ಮ ಮೇಲೆ ಆಳವಾದ ಪ್ರಭಾವ ಬೀರಿದ ಆಧುನಿಕರು ಮೂವರೆಂದು ಗಾಂಧೀಜಿಯವರು ಎಣಿಸಿದ್ದಾರೆ. ರಾಜಚಂದ್ರರು ಜೀವಂತ ಸಂಪರ್ಕದಿಂದ; ರಷ್ಯದ ಟಾಲ್‌ಸ್ಟಾಯ್ ಮತ್ತು ಇಂಗ್ಲೆಂಡಿನ ರಸ್ಕಿನ್ ತಮ್ಮ ಗ್ರಂಥಗಳಿಂದ. ರಸ್ಕಿನ್ನರ ಪುಸ್ತಕವನ್ನು ೧೯೦೪ರಲ್ಲಿ ರೈಲಿನಲ್ಲಿ ಓದಿ, ಅದೇ ವರ್ಷ ಫೀನಿಕ್ಸ್ ಆಶ್ರಮವನ್ನು ಸ್ಥಾಪಿಸಿದರು. ಇಷ್ಟಾಗಿಯೂ, ಇಷ್ಟು ಗೌರವಿಸಿದ ರಾಜಚಂದ್ರರನ್ನೇ ಆಗಲಿ ಅವರು ಗುರುವಿನ ಪೀಠದಲ್ಲಿ ಕೂರಿಸಲಿಲ್ಲ. ಆ ಆಸನ ಖಾಲಿಯಾಗಿಯೇ ಉಳಿಯಿತೆಂದಿದ್ದಾರೆ. ನಿರ್ಗ್ರಂಥ ಗುರುಗಳ ಶರಣು ಹೊಂದಿದ ಶ್ರಾವಕನಿಗೆ ಈ ಮಾತು ಹಾಗೆಯೇ ಅನ್ವಯಿಸದು. ದೇವ, ಶಾಸ್ತ್ರ, ಗುರು ಎಂಬ ಮೂರರಲ್ಲಿ ಅವನ ಶ್ರದ್ಧೆ ನೆಲೆಸಿದೆ. ಅವರ ಉಪವಾಸಗಳೆಲ್ಲವೂ ಕರ್ಮನಿರ್ಜರೆಯ ದೃಷ್ಟಿಯವೂ ಅಲ್ಲ. ಆದರೂ ಉಪಕಾರಿಯನ್ನು ಮನಸಾರೆ ಸ್ಮರಿಸುತ್ತಲೇ, ನಡೆಯಬೇಕಾದವನು ತಾನೇ ಎಂಬುದನ್ನು ಮರೆಯದಿರುವ ಆ ವಿವೇಕ ಎಲ್ಲರಿಗೂ ಗ್ರಾಹ್ಯ.

೭. ಗೃಹಸ್ಥರು ತಿಳಿಯತಕ್ಕದ್ದು

ಇಂದು ಅನೇಕ ಮನೆಗಳ ಮಕ್ಕಳು ಓದಿಗೆ, ಉದ್ಯೋಗಕ್ಕೆ ದೂರದ ಊರುಗಳಿಗೂ ಪರದೇಶಗಳಿಗೂ ಹೋಗುತ್ತಾರೆ. ಹೊರಡುವ ಮುನ್ನ ಬಸದಿಯಲ್ಲಿ ನಿಲ್ಲಿಸಿ ಅಷ್ಟಮೂಲಗುಣಗಳ ಪಾಲನೆಗೋ ರಾತ್ರಿಭೋಜನತ್ಯಾಗಕ್ಕೋ ಮಾತು ತೆಗೆದುಕೊಳ್ಳುವ ತಾಯಂದಿರಿದ್ದಾರೆ. ಆ ಮಾತು ನಿಲ್ಲಬೇಕಾದರೆ ಮೂರು ಸಂಗತಿಗಳು ಆವಶ್ಯಕ. ಮೊದಲನೆಯದಾಗಿ, ವ್ರತವನ್ನು ಕೊಡಿಸುವವರು ಅದನ್ನು ಪ್ರಸನ್ನತೆಯಿಂದ ಪಾಲಿಸುತ್ತಿರುವುದನ್ನು ಮಗು ಮೊದಲು ಕಂಡಿರಬೇಕು. ಎರಡನೆಯದಾಗಿ, ವ್ರತದ ಕಾರಣವನ್ನು ತಿಳಿಸಿಕೊಡುವ ಗ್ರಂಥವೊಂದು ಆ ಮಗುವಿನ ಕೈಯಲ್ಲಿರಬೇಕು; ಲಂಡನ್ನಿನಲ್ಲಿ ಆಕಸ್ಮಿಕವಾಗಿ ದೊರೆತುದು ಎಲ್ಲರಿಗೂ ದೊರೆಯುವುದೆಂದು ನಂಬಲಾಗದು. ಮೂರನೆಯದಾಗಿ, ಸಂದೇಹ ಬಂದಾಗ ಬೈಯದೆ ಉತ್ತರ ಬರೆಯುವ ಒಬ್ಬ ಹಿರಿಯರಿರಬೇಕು. ಇಪ್ಪತ್ತೇಳು ಪ್ರಶ್ನೆಗಳನ್ನು ಕೇಳುವ ಧೈರ್ಯ ಮಗುವಿಗೆ ಬರುವುದು, ಉತ್ತರಿಸುವ ತಾಳ್ಮೆ ಹಿರಿಯರಲ್ಲಿದ್ದಾಗ ಮಾತ್ರ.

ಇಷ್ಟನ್ನು ಮಾಡಿದ ಮೇಲೆ ಉಳಿದುದು ಆ ಜೀವದ ಪುರುಷಾರ್ಥಕ್ಕೆ ಸೇರಿದ್ದು. ಬರುವ ದಶಲಕ್ಷಣ ಪರ್ವದಲ್ಲಿ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರೂ ತಮ್ಮ ಒಂದೊಂದು ವ್ರತವನ್ನೂ ಎದುರಿಗಿಟ್ಟುಕೊಂಡು, ಅದಕ್ಕೆ ನಿಮಿತ್ತರಾದವರನ್ನು ಹೆಸರು ಹಿಡಿದು ಸ್ಮರಿಸಲಿ. ಅವರಲ್ಲಿ ಬದುಕಿರುವವರಿದ್ದರೆ ಕ್ಷಮಾವಣಿಯ ದಿನ ಅವರ ಬಳಿಗೆ ಹೋಗಿ, ಕ್ಷಮೆ ಬೇಡುವುದರ ಜೊತೆಗೆ, ಅವರು ಕೊಟ್ಟ ವ್ರತ ಉಳಿದಿದೆಯೆಂಬ ಸಮಾಚಾರವನ್ನೂ ತಿಳಿಸಲಿ. ಆ ಸಮಾಚಾರವನ್ನು ಕೇಳುವ ಭಾಗ್ಯ ಪುತಲೀಬಾಯಿಯವರಿಗೆ ದೊರೆಯಲಿಲ್ಲ.